‘ವರೆಗೆ’ ಎಂಬ ಮೂರಕ್ಷರ

ಶಾಲೆಯಲ್ಲಿ ವ್ಯಾಕರಣ ಓದಿದವರಿಗೆ ಅವ್ಯಯವೆಂದರೆ ಏನೆಂಬುದು ನೆನಪಿರಬಹುದು. ಲಿಂಗ, ವಚನ, ವಿಭಕ್ತಿಗಳ ಕಾಟಕ್ಕೆ ಸಿಕ್ಕದೆ, ಎಲ್ಲಿಟ್ಟರೂ ತನ್ನ ರೂಪವನ್ನು ಬದಲಿಸದ ಶಬ್ದಕ್ಕೆ ಅವ್ಯಯವೆಂದು ಹೆಸರು. ವ್ಯಯವಾಗದ್ದು, ಸವೆಯದ್ದು ಎಂದು ಅದರ ಅರ್ಥ. ‘ವರೆಗೆ’ ಎಂಬುದು ಇಂಥದೊಂದು ಅವ್ಯಯವೆಂದು ನಮ್ಮ ಪಂಡಿತರು ಹೇಳಿಕೊಟ್ಟಿದ್ದರು. ಈ ಮೂರಕ್ಷರದ ಬಡ ಶಬ್ದದೊಳಗೆ ಎಂಥ ಮಾಯೆ ಅಡಗಿದೆಯೆಂಬುದು ಪಾಪ, ಆ ಪಂಡಿತರಿಗೂ ತಿಳಿದಿರಲಾರದು. ನನಗೆ ತಿಳಿದದ್ದು ಮನೆಗೆ ನಿಸ್ತಂತು ಅಂತರ್ಜಾಲ ಬಂದ ಮೇಲೆಯೇ. ಶಬ್ದವೇನೋ ಅವ್ಯಯವೇ ಸರಿ. ವ್ಯಯವಾಗುತ್ತಿರುವುದು ನಮ್ಮ ದುಡ್ಡು, ನಮ್ಮ ಸಂಜೆ, ಮತ್ತು ನಮ್ಮ ಮಾನ.

ನಮ್ಮ ಮನೆ ಬೆಂಗಳೂರಿನ ದಕ್ಷಿಣದ ಅಂಚಿನ ಒಂದು ಬಡಾವಣೆಯಲ್ಲಿದೆ. ಸೈಟು ಕೊಂಡಾಗ ‘ಇನ್ನೇನು, ಎಲ್ಲವೂ ಬಂದುಬಿಡುತ್ತದೆ’ ಎಂದಿದ್ದರು. ಬಂದದ್ದೂ ನಿಜ: ರಸ್ತೆ ಬಂತು, ಅದರ ಹಿಂದೆಯೇ ರಸ್ತೆಯನ್ನು ಅಗೆಯುವವರೂ ಬಂದರು. ಅಂತರ್ಜಾಲದ ಕೇಬಲ್ಲು ಮಾತ್ರ ಮುಖ್ಯರಸ್ತೆಯ ಕಂಬದ ತನಕ ಬಂದು, ಅಲ್ಲಿಯೇ ಸುರುಳಿ ಸುತ್ತಿಕೊಂಡು ಕುಳಿತುಬಿಟ್ಟಿತು. ನಮ್ಮ ಅಡ್ಡರಸ್ತೆಗೆ ಇಳಿಯಲಿಲ್ಲ. ಮಗ ಸೊಸೆ ಇಬ್ಬರೂ ವಾರದಲ್ಲಿ ಮೂರು ದಿನ ಮನೆಯಿಂದಲೇ ಕಛೇರಿಯ ಕೆಲಸ ಮಾಡುವವರು. ಮೊಮ್ಮಗನ ಶಾಲೆ ಮನೆಪಾಠವನ್ನೆಲ್ಲ ಅಂತರ್ಜಾಲದಲ್ಲೇ ಕಳಿಸುತ್ತದೆ. ನಾನು ಇನ್ನೂ ಬದುಕಿದ್ದೇನೆಂದು ಪಿಂಚಣಿಯವರಿಗೆ ವರ್ಷಕ್ಕೊಮ್ಮೆ ಪ್ರಮಾಣ ಮಾಡುವುದೂ ಈಗ ಅದರಲ್ಲೇ. ಹೀಗಿರುವಾಗ ಕಂಪೆನಿಯೊಂದರ ಹುಡುಗ ಬಾಗಿಲಿಗೆ ಬಂದು, ‘ಕೇಬಲ್ಲೇ ಬೇಡ ಸಾರ್, ಗಾಳಿಯಲ್ಲೇ ಬರುತ್ತೆ’ ಎಂದಾಗ ದೇವರೇ ಬಂದಂತಾಯಿತು. ಆತ ಕೊಟ್ಟ ಬಣ್ಣದ ಕಾಗದದ ಮೇಲೆ ‘ಸೆಕೆಂಡಿಗೆ 100 ಮೆಗಾಬಿಟ್’ ಎಂದು ಹೆಬ್ಬೆರಳಿನ ಗಾತ್ರದಲ್ಲಿಯೂ, ಅದರ ಮಗ್ಗುಲಲ್ಲಿ ‘ವರೆಗೆ’ ಎಂದು ಇರುವೆಯ ಗಾತ್ರದಲ್ಲಿಯೂ ಅಚ್ಚಾಗಿತ್ತು. ಆ ಹೊತ್ತಿನಲ್ಲಿ ನಾನು ಕನ್ನಡಕ ಹಾಕಿಕೊಂಡಿರಲಿಲ್ಲ. ಸಹಿ ಮಾಡಿದೆ.

ತಾರಸಿಯ ಮೇಲೆ ಟವರಿನ ಕಡೆಗೆ ಮುಖ ಮಾಡಿ ಒಂದು ಬಿಳಿಯ ಡಬ್ಬವನ್ನು ನಿಲ್ಲಿಸಿದರು. ಅಲ್ಲಿಂದ ಹಜಾರದ ರೌಟರಿಗೆ ಒಂದು ತಂತಿ ಇಳಿಯಿತು. ‘ತಂತಿಯಿಲ್ಲ ಎಂದೆಯಲ್ಲಪ್ಪ?’ ಎಂದು ಕೇಳಿದ್ದಕ್ಕೆ, ‘ಇದೊಂದೇ ಸಾರ್’ ಎಂದ. ಮೊದಲ ವಾರ ರಾಮರಾಜ್ಯ. ಎರಡನೆಯ ವಾರದಿಂದ ಸಂಜೆ ಏಳರ ಹೊತ್ತಿಗೆ ರೌಟರಿನ ಹಸುರು ದೀಪ ಕೆಂಪಾಗತೊಡಗಿತು. ಆಮೇಲೆ ಅದಕ್ಕೆ ಹೊತ್ತುಗೊತ್ತೆಂಬುದೇ ಉಳಿಯಲಿಲ್ಲ.

ಮನುಷ್ಯ ಹೊಂದಿಕೊಳ್ಳುವ ಪ್ರಾಣಿಯಷ್ಟೆ. ನಾವೂ ಹೊಂದಿಕೊಂಡೆವು. ಒಂದು ತಿಂಗಳೊಳಗೆ ಮನೆಯಲ್ಲಿ ಒಂದು ಕಟ್ಟುನಿಟ್ಟಾದ ಆಚಾರವೇ ಏರ್ಪಟ್ಟಿತು. ಸೊಸೆಗೆ ಮೀಟಿಂಗು ಇದ್ದಾಗ ನನ್ನ ಹೆಂಡತಿ ಮೈಕ್ರೋವೇವ್ ಒಲೆಯನ್ನು ಮುಟ್ಟುವಂತಿಲ್ಲ. ಮಗ ಮಾತಾಡುವಾಗ ಮೊಮ್ಮಗ ಚಿತ್ರ ನೋಡುವಂತಿಲ್ಲ. ಮೊಮ್ಮಗ ಪಾಠ ಬರೆಯುವಾಗ ಅವನ ಅಪ್ಪ ಮಾತಾಡುವಂತಿಲ್ಲ. ನಡುಮನೆಯ ಕಿಟಕಿಯಿಂದ ಎರಡು ಮೊಳ ದೂರದಲ್ಲಿ ‘ಒಳ್ಳೆಯ ಜಾಗ’ವೊಂದನ್ನು ಪತ್ತೆಮಾಡಿ, ಅಲ್ಲಿ ಸ್ಟೂಲು ಹಾಕಿಕೊಂಡು, ಸರದಿಯ ಮೇಲೆ ಕೂಡತೊಡಗಿದೆವು. ಕೆಲಸವಿಲ್ಲದವನೆಂದು ನನಗೆ ರೌಟರನ್ನು ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚುವ ಹುದ್ದೆ ಸಿಕ್ಕಿತು. ‘ದೇವರ ದೀಪಕ್ಕೂ ನೀವು ದಿನಕ್ಕೆ ಇಷ್ಟು ಸಲ ಬಗ್ಗಿದವರಲ್ಲ, ಅಂದ್ರೆ’ ಎಂದು ಹೆಂಡತಿ ಹಂಗಿಸಿದಳು. ಬಂದ ನೆಂಟರ ಮುಂದೆ ನಾವು ಇದನ್ನೆಲ್ಲ ನಗುತ್ತ ಹೇಳಿಕೊಳ್ಳುತ್ತಿದ್ದೆವು. ಅವರೂ ನಗುತ್ತ ತಮ್ಮ ಮನೆಯ ಉಪಾಯಗಳನ್ನು ಹೇಳುತ್ತಿದ್ದರು. ಈ ನಗೆಯೇ ನಮ್ಮ ತಪ್ಪು ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ನನ್ನ ನಗೆ ನಿಂತದ್ದು ಒಂದು ಬುಧವಾರ. ಸೊಸೆಗೆ ಬೇರೊಂದು ಕಡೆ ಮೇಲಿನ ಹುದ್ದೆಗೆ ಸಂದರ್ಶನ. ಎರಡು ಸುತ್ತು ಮುಗಿದು ಇದು ಮೂರನೆಯದು, ಕಡೆಯದು. ಅವಳು ಐದು ವರ್ಷ ದುಡಿದು, ಮಗುವನ್ನೂ ಸಾಕಿ, ರಾತ್ರಿ ಓದಿ ಸಿದ್ಧಳಾಗಿದ್ದವಳು. ಆ ಸಂಜೆ ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಂಥ ನಿಶ್ಶಬ್ದ. ಎಲ್ಲರ ಫೋನುಗಳನ್ನೂ ಜಾಲದಿಂದ ಬಿಡಿಸಿದ್ದೆವು. ಇಪ್ಪತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಎದುರಿನವರ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಅವಳು ಕೈಫೋನಿನ ಜಾಲಕ್ಕೆ ಬದಲಾಯಿಸಿ ಮತ್ತೆ ಸೇರಿದಳು. ಸೇರಿದವಳ ಮೊದಲ ಮಾತು: ‘ಕ್ಷಮಿಸಿ, ನನ್ನ ಕಡೆ ತೊಂದರೆ.’ ಅದು ಮತ್ತೆ ಕಡಿಯಿತು. ಮತ್ತೆ ಸೇರಿದಳು; ಮತ್ತೆ ‘ಕ್ಷಮಿಸಿ’. ಮೂರನೆಯ ಸಲ ಆ ಕಡೆಯವರು ಬಹಳ ಸೌಜನ್ಯದಿಂದಲೇ, ‘ಪರವಾಗಿಲ್ಲ, ನಾವು ತಿಳಿಸುತ್ತೇವೆ’ ಎಂದರು. ತಿಳಿಸಿದರು: ಬೇರೊಬ್ಬರನ್ನು ಆರಿಸಲಾಗಿದೆಯೆಂದು.

ಕೆಲಸ ತಪ್ಪಿದ್ದಕ್ಕೆ ಇದೊಂದೇ ಕಾರಣವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಇನ್ನೊಬ್ಬರು ಇವಳಿಗಿಂತ ಯೋಗ್ಯರೇ ಇದ್ದಿರಬಹುದು. ಆದರೆ ಪಕ್ಕದ ಕೋಣೆಯಲ್ಲಿ ಕೂತು ಕೇಳಿದ ಆ ಮೂರು ‘ಕ್ಷಮಿಸಿ’ಗಳು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅವಳು ಯಾವ ತಪ್ಪಿಗೆ ಕ್ಷಮೆ ಕೇಳಿದಳು? ತಿಂಗಳು ತಿಂಗಳೂ ತಪ್ಪದೆ, ನೂರಕ್ಕೆ 18ರಂತೆ ತೆರಿಗೆಯನ್ನೂ ಸೇರಿಸಿ, ಮುಂಗಡವಾಗಿ ಹಣ ಕಟ್ಟಿದವರು ನಾವು. ಸರಕು ಕೊಡದವರು ಕಂಪೆನಿಯವರು. ಊರವರ ಮುಂದೆ ತಲೆ ತಗ್ಗಿಸಿ ಕ್ಷಮೆ ಬೇಡಿದವಳು ಮಾತ್ರ ಹಣ ಕೊಟ್ಟವಳು! ವಾಚಕರೂ ತಮ್ಮನ್ನು ತಾವು ಕೇಳಿಕೊಳ್ಳಲಿ: ಕಳೆದ ಒಂದು ವರ್ಷದಲ್ಲಿ ‘ಸಾರಿ, ನನ್ನ ನೆಟ್‌ವರ್ಕ್ ಸರಿಯಿಲ್ಲ’ ಎಂದು ಎಷ್ಟು ಸಲ ಹೇಳಿದ್ದೀರಿ? ‘ನನ್ನ ನೆಟ್‌ವರ್ಕ್’ ಅಂತೆ! ಹಾಲಿನವನು ನೀರು ಬೆರೆಸಿದರೆ ಬಂದ ಅತಿಥಿಗೆ ‘ನನ್ನ ಹಾಲು ಸರಿಯಿಲ್ಲ, ಕ್ಷಮಿಸಿ’ ಎಂದು ಯಾರಾದರೂ ಅಂದಾರೆಯೆ? ‘ಹಾಲಿನವನು ಮೋಸ ಮಾಡಿದ’ ಎಂದೇ ಹೇಳುತ್ತೇವಷ್ಟೆ. ಅಂತರ್ಜಾಲದ ವಿಷಯದಲ್ಲಿ ಮಾತ್ರ, ಸೇವೆ ಅವರದು, ಅವಮಾನ ನಮ್ಮದು ಎಂಬ ವಿಚಿತ್ರ ಒಪ್ಪಂದಕ್ಕೆ ನಾವಾಗಿಯೇ ಒಳಪಟ್ಟಿದ್ದೇವೆ.

ಇರಲಿ. ಕಂಪೆನಿಯ ಪಕ್ಷವನ್ನೂ ಕೇಳೋಣ. ಒಂದೇ ಕಿವಿಯಿಂದ ಕೇಳಿ ತೀರ್ಪು ಕೊಟ್ಟರೆ ನನ್ನ ವಾದಕ್ಕೇ ಹಾನಿ. ‘ಗಾಳಿಯಲ್ಲಿ ಬರುವ ವಸ್ತು ಸ್ವಾಮಿ, ಅದರ ಗುಣವೇ ಹಾಗೆ’ ಎಂಬುದು ಅವರ ಮೊದಲನೆಯ ಮಾತು. ಇದರಲ್ಲಿ ನಿಜವಿಲ್ಲದಿಲ್ಲ.

ನಿಸ್ತಂತು ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಜಗದೀಶಚಂದ್ರ ಬೋಸರು 1895ರಲ್ಲಿಯೇ ಕಲ್ಕತ್ತೆಯ ಟೌನ್ ಹಾಲಿನಲ್ಲಿ, ನಡುವೆ ಗೋಡೆ ಇದ್ದರೂ ಕಣ್ಣಿಗೆ ಕಾಣದ ಅಲೆಗಳಿಂದ ಆಚೆಯ ಗಂಟೆಯನ್ನು ಬಾರಿಸಿ, ಮದ್ದಿಗೆ ಕಿಡಿ ತಾಗಿಸಿ ತೋರಿಸಿದರು. ನಮ್ಮ ಮೈಸೂರಿನಲ್ಲಿ 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವೊಂದನ್ನು ಹೂಡಿ ಅದಕ್ಕೆ ‘ಆಕಾಶವಾಣಿ’ಯೆಂಬ ಹೆಸರನ್ನಿತ್ತರು; ಆ ಹೆಸರೇ ಮುಂದೆ ದೇಶಕ್ಕೆಲ್ಲ ಸಂದಿತು. ಆದರೆ ಆಕಾಶವಾಣಿಗೂ ಅಂತರ್ಜಾಲಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಆಕಾಶವಾಣಿ ಊರಿಗೆಲ್ಲ ಸಾರುವ ಡಂಗುರ. ಹತ್ತು ಮಂದಿ ಕೇಳಿದರೂ ಒಂದೇ, ಹತ್ತು ಸಾವಿರ ಮಂದಿ ಕೇಳಿದರೂ ಒಂದೇ, ಶಬ್ದ ಸವೆಯದು. ಅಂತರ್ಜಾಲವಾದರೋ ಮನೆಮನೆಗೂ ಬೇರೆ ಬೇರೆ ಕಾಗದ ಹಂಚುವ ಅಂಚೆಯವನ ಕೆಲಸ. ಮನೆಗಳು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿಗೆ ಅವನು ಬರುವುದು ತಡವಾಗುತ್ತದೆ. ಟವರಿನ ಒಂದೊಂದು ಮಗ್ಗುಲಿಗೂ ಇಂತಿಷ್ಟೇ ಎಂಬ ಶಕ್ತಿಯುಂಟು. ಅದನ್ನು ಆ ದಿಕ್ಕಿನ ಮನೆಗಳೂ ಬೀದಿಯಲ್ಲಿ ಓಡಾಡುವ ಫೋನುಗಳೂ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಮನೆಗೆ ಬಂದು ಒಟ್ಟಿಗೆ ನಲ್ಲಿ ತಿರುಗಿಸಿದರೆ ಎಲ್ಲರಿಗೂ ತೊಟ್ಟಿಕ್ಕುವುದೇ ಸರಿ.

ಇನ್ನು ಅಲೆಗಳ ಗುಣ. ಉದ್ದದ ಅಲೆ ದೂರಕ್ಕೆ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ತೂರುತ್ತದೆ. ಆದರೆ ಹೆಚ್ಚು ಹೊರೆ ಹೊರಲಾರದು. 2022ರ ಅಕ್ಟೋಬರಿನಲ್ಲಿ ನಮ್ಮ ದೇಶಕ್ಕೆ ಬಂದ ಐದನೆಯ ತಲೆಮಾರಿನ ಸೇವೆಗೆಂದು ಕೊಟ್ಟಿರುವ ಅಲೆಗಳಲ್ಲಿ ಹಲವು ಗಿಡ್ಡ. ಹೊರೆಯನ್ನೇನೋ ಬಹಳ ಹೊರುತ್ತವೆ, ಆದರೆ ಗೋಡೆ ಅಡ್ಡವಾದರೆ, ಮರ ಚಿಗುರಿ ಎಲೆ ದಟ್ಟವಾದರೆ ಸೊರಗುತ್ತವೆ. ಅವುಗಳಲ್ಲಿ ತೀರ ಗಿಡ್ಡವಾದವಕ್ಕೆ ಜೋರು ಮಳೆಯೂ ಆಗದು. ಎದುರಿನ ಸೈಟಿನಲ್ಲಿ ಯಾರಾದರೂ ಮೂರನೆಯ ಮಹಡಿ ಎಬ್ಬಿಸಿ ಮೇಲೊಂದು ನೀರಿನ ಟ್ಯಾಂಕು ಕೂರಿಸಿದರೆ ನಿಮ್ಮ ಸಂಕೇತಕ್ಕೆ ಗ್ರಹಣ ಹಿಡಿದಂತೆಯೇ. ಮನೆಯೊಳಗಿನ ವೈಫೈ ಇನ್ನೊಂದು ಕಥೆ: ಅದು ಸಾಮಾನ್ಯವಾಗಿ ಬಳಸುವ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿಯೇ ಮೈಕ್ರೋವೇವ್ ಒಲೆಯೂ ಕೆಲಸ ಮಾಡುವುದರಿಂದ, ಸಾರು ಬಿಸಿಯಾಗುವಾಗ ಮಾತು ತಣ್ಣಗಾಗುತ್ತದೆ.

ಇದೆಲ್ಲವನ್ನೂ ಒಪ್ಪಿದೆ. ಒಪ್ಪಿದ್ದಲ್ಲದೆ ಪರೀಕ್ಷೆಯನ್ನೂ ಮಾಡಿದೆ. ನಮ್ಮ ಮನೆಯ ದೋಷವನ್ನು ಕಂಪೆನಿಯ ತಲೆಗೆ ಕಟ್ಟುವುದು ನ್ಯಾಯವಲ್ಲವಷ್ಟೆ. ಪರೀಕ್ಷೆ ಸುಲಭ. ಕಂಪ್ಯೂಟರನ್ನು ಒಂದು ತಂತಿಯಿಂದ ನೇರವಾಗಿ ರೌಟರಿಗೆ ಜೋಡಿಸಬೇಕು. ಹಾಗೆ ಜೋಡಿಸಿದಾಗ ಜಾಲ ಸ್ಥಿರವಾಗಿದ್ದು, ವೈಫೈನಲ್ಲಿ ಮಾತ್ರ ಕಡಿದರೆ ದೋಷ ಮನೆಯೊಳಗಿನದು: ರೌಟರನ್ನು ಮೂಲೆಯಿಂದ ನಡುಮನೆಗೆ ತರಬಹುದು, ಎತ್ತರದಲ್ಲಿಡಬಹುದು, 5 ಗಿಗಾಹರ್ಟ್ಸ್‌ಗೆ ಬದಲಾಯಿಸಬಹುದು. ತಂತಿಯಲ್ಲಿಯೂ ಕಡಿದರೆ ದೋಷ ಹೊರಗಿನದು. ನೀವು ರೌಟರಿಗೆ ಸಾವಿರ ಪ್ರದಕ್ಷಿಣೆ ಹಾಕಿದರೂ ಪ್ರಯೋಜನವಿಲ್ಲ. ನಾನು ಒಂದು ನೂರು ಪುಟದ ನೋಟುಪುಸ್ತಕ ತಂದು, ದಿನಕ್ಕೆ ಮೂರು ಹೊತ್ತು, ತಂತಿ ಜೋಡಿಸಿಯೇ ವೇಗವನ್ನು ಅಳೆದು ಬರೆದಿಟ್ಟೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದವರದೇ ‘ಮೈಸ್ಪೀಡ್’ ಎಂಬ ಉಪಕರಣವೊಂದು ಫೋನಿಗೆ ದೊರೆಯುತ್ತದೆ, ಅದನ್ನೂ ಬಳಸಿದೆ. ತಿಂಗಳ ಕೊನೆಗೆ ನೋಡಿದರೆ, ಬೆಳಗ್ಗೆ ಐದಕ್ಕೆ 90ರ ಮೇಲೆ ಓಡುವ ಕುದುರೆ, ಸಂಜೆ ಎಂಟಕ್ಕೆ ನಾಲ್ಕಕ್ಕೋ ಐದಕ್ಕೋ ಕುಂಟುತ್ತಿತ್ತು; 11 ದಿನ ಸಂಜೆ ಪೂರ್ತಿಯಾಗಿ ಮಲಗಿತ್ತು. ಬೆಳಗಿನ ಐದಕ್ಕೆ ನನಗೆ ಅಂತರ್ಜಾಲದಲ್ಲಿ ಏನು ಕೆಲಸ?

ಈ ಪುಸ್ತಕವನ್ನು ಹಿಡಿದು ದೂರು ಕೊಟ್ಟೆ. ಫೋನಿನಲ್ಲಿ ಒಂದು ಮಧುರವಾದ ಹೆಣ್ಣುದನಿ, ನನ್ನ ಕರೆ ಬಹಳ ಅಮೂಲ್ಯವೆಂದು ಹದಿನೈದು ನಿಮಿಷ ಹೇಳಿತು. ಅನಂತರ ಸಿಕ್ಕ ಮನುಷ್ಯಪ್ರಾಣಿ, ‘ರೌಟರನ್ನು ಆರಿಸಿ ಹಚ್ಚಿದಿರಾ?’ ಎಂದು ಕೇಳಿತು. ಮರುದಿನ ‘ತಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂದಿತು. ಅದು ಬಂದಾಗ ರೌಟರಿನ ದೀಪ ಕೆಂಪಾಗಿಯೇ ಇತ್ತು. ಮೂರನೆಯ ದೂರಿಗೆ ಒಬ್ಬ ಹುಡುಗ ಬಂದು ತಾರಸಿ ಹತ್ತಿ ಇಳಿದ.

‘ಡಬ್ಬ ಸರಿಯಾಗಿದೆ ಸಾರ್. ನಿಮ್ಮ ಏರಿಯಾದಲ್ಲಿ ಲೋಡ್ ಜಾಸ್ತಿ.’

‘ಹಾಗಾದರೆ ಮೊನ್ನೆ ಮೂಲೆಮನೆಗೂ ಹೊಸದಾಗಿ ಹಾಕಿದಿರಲ್ಲಪ್ಪ?’

‘ಟಾರ್ಗೆಟ್ ಸಾರ್.’

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಬಿಸಿಲಲ್ಲಿ ಬಂದಿದ್ದ, ಮಜ್ಜಿಗೆ ಕೊಟ್ಟೆವು. ಇಡೀ ವ್ಯವಹಾರದಲ್ಲಿ ಸತ್ಯವನ್ನು ನುಡಿದವನು ಅವನೊಬ್ಬನೇ. ನಾನು ಕಡೆಗೆ ಮೇಲಿನ ಅಧಿಕಾರಿಯೊಬ್ಬರನ್ನು ಫೋನಿನಲ್ಲಿ ಹಿಡಿದು, 100 ಎಂದವರು ನಾಲ್ಕು ಕೊಡುವುದು ಯಾವ ಧರ್ಮವೆಂದು ಕೇಳಿದೆ. ಅವರು ಶಾಂತರಾಗಿ ಉತ್ತರವಿತ್ತರು: ‘ನಾವು 100ರ ವರೆಗೆ ಎಂದು ಹೇಳಿದ್ದೇವೆ ಸಾರ್. ನಾಲ್ಕು ನೂರರ ಒಳಗೇ ಇದೆಯಲ್ಲ?’

ತರ್ಕದಲ್ಲಿ ದೋಷವಿಲ್ಲ. ನಾಲ್ಕು ನೂರರೊಳಗೇ ಇದೆ. ಸೊನ್ನೆಯೂ ನೂರರೊಳಗೇ ಇದೆ. ಹಾಗಾದರೆ ಅವರು ಏನನ್ನೂ ಕೊಡದೆ ಇದ್ದರೂ ಮಾತು ತಪ್ಪಿದವರಾಗುವುದಿಲ್ಲ! ಹರಿಶ್ಚಂದ್ರನಿಗೆ ಈ ಮೂರಕ್ಷರ ಗೊತ್ತಿದ್ದರೆ ಸುಡುಗಾಡು ಕಾಯುವ ಕಷ್ಟ ಬರುತ್ತಿರಲಿಲ್ಲ. ಬೇರೆ ಯಾವ ವ್ಯಾಪಾರದಲ್ಲಿ ಇದು ನಡೆದೀತು, ಹೇಳಿ. ಪೆಟ್ರೋಲ್ ಬಂಕಿನವನು ‘ಐದು ಲೀಟರ್ ವರೆಗೆ’ ಹಾಕುತ್ತೇನೆಂದು ಐದು ಲೀಟರಿನ ದುಡ್ಡು ತೆಗೆದುಕೊಂಡರೆ ಬಿಡುತ್ತೇವೆಯೆ? ತೂಕ ಅಳತೆಯ ಇಲಾಖೆಯವರು ತರಕಾರಿಯವಳ ತಕ್ಕಡಿಗೂ ಮುದ್ರೆ ಒತ್ತುತ್ತಾರೆ. ಮನೆಗೆ ಬರುವ ವಿದ್ಯುತ್ತು 230 ವೋಲ್ಟ್ ಎಂದರೆ ಅದು ಎಷ್ಟು ಏರಬಹುದು, ಎಷ್ಟು ಇಳಿಯಬಹುದು ಎಂಬುದಕ್ಕೆ ಎರಡು ಕಡೆಯೂ ಗೆರೆಯುಂಟು. ‘230ರ ವರೆಗೆ’ ಎಂದು ಯಾರೂ ಬರೆಯುವುದಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ವಿದ್ಯುತ್ತನ್ನು ಕೊಂಡೊಯ್ದ ನಾಡು ನಮ್ಮದು. ಗಣಿಯ ಆಳದಲ್ಲಿ ಇಳಿದಿದ್ದ ಕೂಲಿಗೆ ಯಾರಾದರೂ ‘ಬೆಳಕಿನ ವರೆಗೆ’ ಕೊಡುತ್ತೇವೆ ಎಂದಿದ್ದರೆ ಏನಾಗುತ್ತಿತ್ತು?

ಸರ್ಕಾರ ಸುಮ್ಮನಿದೆಯೆಂದಲ್ಲ. ‘ಬ್ರಾಡ್‌ಬ್ಯಾಂಡ್’ ಎಂಬ ಹೆಸರಿಗೆ ಅರ್ಹವಾಗಬೇಕಾದರೆ ಕನಿಷ್ಠ ಎಷ್ಟು ವೇಗವಿರಬೇಕೆಂದು 2004ರಲ್ಲಿ ಒಂದು ಗೆರೆ ಎಳೆದರು: ಸೆಕೆಂಡಿಗೆ 256 ಕಿಲೋಬಿಟ್. ಅದು 2013ರಲ್ಲಿ 512 ಆಯಿತು. 2023ರ ಜನವರಿಯಲ್ಲಿ 2 ಮೆಗಾಬಿಟ್ ಆಯಿತು. ಆದ್ದರಿಂದ ಈಗ ನಮ್ಮ ಸ್ಥಿತಿ ಹೀಗೆ: ಮೇಲಿನ ಗೆರೆ ಕಂಪೆನಿಯದು, 100, ಕೆಳಗಿನ ಗೆರೆ ಸರ್ಕಾರದ್ದು, 2, ನಡುವಣ 98ರ ಬಯಲಿನಲ್ಲಿ ನಮ್ಮ ಸಂಸಾರ. 2024ರ ಆಗಸ್ಟಿನಲ್ಲಿ ಪ್ರಾಧಿಕಾರ ಹೊರಡಿಸಿದ ನಿಯಮಗಳಲ್ಲಿ, ಜಿಲ್ಲೆಯೊಂದರಲ್ಲಿ ನಿಸ್ತಂತು ಜಾಲ 24 ಗಂಟೆಗೂ ಮಿಗಿಲಾಗಿ ಕೆಟ್ಟು ನಿಂತರೆ ಚಂದಾದಾರನಿಗೆ ಬಾಡಿಗೆಯಲ್ಲಿ ಅಷ್ಟು ಕಡಿತ ಮಾಡಬೇಕೆಂಬ ಒಳ್ಳೆಯ ಮಾತೂ ಇದೆ. ಆದರೆ ನನ್ನ ಮನೆ ಒಂದು ಜಿಲ್ಲೆಯಲ್ಲ. ನನ್ನ ಕಷ್ಟ 24 ಗಂಟೆಯದೂ ಅಲ್ಲ. ದಿನಕ್ಕೆ ಎರಡು ಗಂಟೆಯದು, ಆದರೆ ದಿನವೂ ಬರುವಂಥದು. ಇಡೀ ಜಿಲ್ಲೆಗೆ ಬರ ಬಿದ್ದರೆ ಪರಿಹಾರ, ಒಬ್ಬನ ಬಾವಿ ದಿನವೂ ಸಂಜೆ ಬತ್ತಿದರೆ ಅವನ ಹಣೆಬರಹ ಎಂದಂತಾಯಿತು.

ಈ ‘ವರೆಗೆ’ ಎಂಬುದು ನಮ್ಮೊಬ್ಬರ ರೋಗವಲ್ಲ. ಇದಕ್ಕೆ ಮದ್ದು ಕಂಡುಕೊಂಡವರೂ ಉಂಟು. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ, ಚಂದಾದಾರರಲ್ಲಿ ನೂರಕ್ಕೆ ಹತ್ತು ಮಂದಿಗೆ ದೊರೆತರೂ ಸಾಕು, ಆ ವೇಗವನ್ನು ‘ವರೆಗೆ’ ಎಂದು ಜಾಹೀರಾತಿನಲ್ಲಿ ಸಾರಬಹುದಾಗಿತ್ತು. 2018ರ ಮೇ ತಿಂಗಳಿನಿಂದ ಅಲ್ಲಿನ ಜಾಹೀರಾತು ನಿಯಂತ್ರಕರು ಅದನ್ನು ನಿಲ್ಲಿಸಿದರು. ರಾತ್ರಿ ಎಂಟರಿಂದ ಹತ್ತರ ಒಳಗೆ, ಅಂದರೆ ಎಲ್ಲರೂ ಒಟ್ಟಿಗೆ ಬಳಸುವ ಹೊತ್ತಿನಲ್ಲಿ, ಕಡಮೆಪಕ್ಷ ಅರ್ಧದಷ್ಟು ಚಂದಾದಾರರಿಗೆ ಯಾವ ವೇಗ ದೊರೆಯುತ್ತದೆಯೋ ಅದನ್ನೇ ಮನೆಬಳಕೆಯ ಜಾಹೀರಾತಿನಲ್ಲಿ ಹೇಳಬೇಕೆಂದು ವಿಧಿಸಿದರು. 2019ರ ಏಪ್ರಿಲಿನಿಂದ ಅಲ್ಲಿ ಇನ್ನೊಂದು ಏರ್ಪಾಡೂ ಬಂದಿತು. ಅದಕ್ಕೆ ಒಪ್ಪಿದ ಕಂಪೆನಿಗಳು, ಪೂರ್ತಿ ಕೆಟ್ಟ ಸಂಪರ್ಕವನ್ನು ಎರಡು ಕೆಲಸದ ದಿನಗಳೊಳಗೆ ಸರಿಪಡಿಸದಿದ್ದರೆ, ಗಿರಾಕಿ ಬೇಡದೆಯೇ ದಿನದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ಅಲ್ಲಿಯೂ ಗಾಳಿಯೇ, ಗೋಡೆಯೇ, ಮಳೆಯೇ. ನಮಗಿಂತ ಮಳೆ ಸ್ವಲ್ಪ ಹೆಚ್ಚೇ ಹಿಡಿದು ಕೂರುವ ದೇಶ. ವ್ಯತ್ಯಾಸವಿರುವುದು ಗಾಳಿಯಲ್ಲಲ್ಲ, ಕಾಗದದಲ್ಲಿ.

ಇಷ್ಟನ್ನು ನಾನು ನೆರೆಮನೆಯ ರಾಯರ ಮುಂದೆ ಹೇಳಿದೆ. ಅವರು ಸಮಾಧಾನಚಿತ್ತರು. ‘ಅಡ್ಜಸ್ಟ್ ಮಾಡಿಕೊಳ್ಳಬೇಕು ಸ್ವಾಮಿ. ನಾವು ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾದವರಲ್ಲವೆ? ಆ ಕಾಲಕ್ಕೆ ಹೋಲಿಸಿದರೆ ಇದು ಸ್ವರ್ಗ’ ಎಂದರು. ನಾನು ಕೇಳಿದೆ: ‘ರಾಯರೇ, ಆ ಅರ್ಧ ದಿನ ಕಾದದ್ದಕ್ಕೆ ನಿಮ್ಮಿಂದ ದುಡ್ಡು ತೆಗೆದುಕೊಂಡಿದ್ದರೆ?’ ರಾಯರು ಸುಮ್ಮನಾದರು. ಟ್ರಂಕ್ ಕಾಲಿಗೆ ಸಿಕ್ಕ ಮೇಲೆ, ಮಾತಾಡಿದ ಹೊತ್ತಿಗೆ, ಮೂರು ಮೂರು ನಿಮಿಷದ ಲೆಕ್ಕದಲ್ಲಿ ಹಣ. ತಡವಾಗುತ್ತದೆಂದು ಆಪರೇಟರು ಮೊದಲೇ ಹೇಳುತ್ತಿದ್ದರು. ಬಡತನದ ಸೇವೆ, ಆದರೆ ಪ್ರಾಮಾಣಿಕವಾದ ಬಡತನ. ಈಗಿನದು ಜರಿಯ ಪಂಚೆ ಉಟ್ಟ ಬಡತನ.

ಈ ‘ಅಡ್ಜಸ್ಟ್’ ಎಂಬುದನ್ನು ನಾವು ದೊಡ್ಡ ಗುಣವೆಂದು ಹೊಗಳಿಕೊಳ್ಳುತ್ತೇವೆ. ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿನಲ್ಲಿ ಮೂರನೆಯವರಿಗೆ ಜಾಗ ಬಿಡುವುದು ದೊಡ್ಡ ಗುಣವೇ. ಆಗ ಎದುರಿಗಿರುವವನು ನಮ್ಮಂತೆಯೇ ಒಬ್ಬ ಬಡಪಾಯಿ. ಆದರೆ ಕೋಟಿಗಟ್ಟಲೆ ಚಂದಾದಾರರಿರುವ ಕಂಪೆನಿಗೆ ನಾವು ಅಡ್ಜಸ್ಟ್ ಮಾಡಿಕೊಡುವುದು ಔದಾರ್ಯವಲ್ಲ, ಸೋಮಾರಿತನ. ನಾವು ಎರಡನೆಯ ಸಿಮ್ಮನ್ನು ಕೊಂಡು, ರೌಟರಿಗೊಂದು ಪುಟ್ಟ ಬ್ಯಾಟರಿ ಕೊಂಡು, ಹೆಂಡತಿಯ ಒಲೆಗೆ ಕಾವಲು ಹಾಕಿ, ಮಗುವಿನ ಪಾಠವನ್ನು ಮುಂದೂಡಿ ಆ ಕಂದಕವನ್ನು ನಮ್ಮ ಖರ್ಚಿನಲ್ಲಿ ತುಂಬುತ್ತಿರುವಷ್ಟು ದಿನ, ಕಂದಕವಿದೆಯೆಂದು ಅವರಿಗೆ ಕಂಡೀತು ಹೇಗೆ? ಅವರ ಲೆಕ್ಕದ ಪುಸ್ತಕದಲ್ಲಿ ನಾನು ತೃಪ್ತ ಗ್ರಾಹಕ. ಏಕೆಂದರೆ ಹಣ ಕಟ್ಟುತ್ತಿದ್ದೇನೆ.

ನಾವಾದರೂ ಪಟ್ಟಣಿಗರು, ಎರಡನೆಯ ಸಿಮ್ಮಿಗೆ ದುಡ್ಡುಳ್ಳವರು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ಚಿತ್ರವನ್ನು ವಾಚಕರು ಮರೆತಿರಲಾರರು: ಸುರಿಯುವ ಮಳೆಯಲ್ಲಿ, ಸಂಕೇತ ಸಿಗುವ ರಸ್ತೆಯ ಬದಿಯಲ್ಲಿ, ಮಗಳು ಕುಳಿತು ಪಾಠ ಕೇಳುತ್ತಿದ್ದಾಳೆ, ತಂದೆ ಅವಳ ಮೇಲೆ ಛತ್ರಿ ಹಿಡಿದು ನಿಂತಿದ್ದಾನೆ. ನಾವೆಲ್ಲ ಆ ತಂದೆಯನ್ನು ಕೊಂಡಾಡಿದೆವು, ಕೊಂಡಾಡಬೇಕಾದದ್ದೇ. ಆದರೆ ಆ ಛತ್ರಿ ಒಂದು ದೂರೂ ಆಗಿತ್ತೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಹೊಳೆಯಿತು? ಸಹನೆಯನ್ನು ಹಾಡಿ ಹೊಗಳುವ ಸಮಾಜ, ಸಹಿಸುವಂತೆ ಮಾಡಿದವರನ್ನು ಕೇಳುವುದನ್ನು ಮರೆತುಬಿಡುತ್ತದೆ. ನನ್ನ ಸೊಸೆಯ ‘ಕ್ಷಮಿಸಿ’ಯೂ ಆ ತಂದೆಯ ಛತ್ರಿಯೂ ಒಂದೇ ಕಥೆಯ ಎರಡು ಪುಟಗಳು.

ಹಾಗಾದರೆ ಏನು ಮಾಡಬೇಕೆನ್ನುತ್ತೀರಿ? ಮೊದಲನೆಯದಾಗಿ, ಕ್ಷಮೆ ಕೇಳುವುದನ್ನು ಬಿಡಬೇಕು. ಸಂಪರ್ಕ ಕಡಿದಾಗ ‘ನನ್ನ ನೆಟ್‌ವರ್ಕ್’ ಎನ್ನದೆ, ‘ನಾನು ಹಣ ಕೊಟ್ಟಿರುವ ಕಂಪೆನಿಯ ಸೇವೆ ನಿಂತಿದೆ’ ಎನ್ನೋಣ. ಕೆಲಸಕ್ಕೆ ಆಳನ್ನು ಆರಿಸುವ ಮಹಾಶಯರೂ ಇದನ್ನು ನೆನಪಿನಲ್ಲಿಟ್ಟರೆ ದೊಡ್ಡ ಉಪಕಾರ. ಎರಡನೆಯದಾಗಿ, ಬರೆದಿಡಬೇಕು. ಬಾಯಿಯ ದೂರು ಗಾಳಿಗೆ. ದಿನಾಂಕ, ಹೊತ್ತು, ವೇಗ ಬರೆದ ಹಾಳೆ ಕಾಗದಕ್ಕೆ. ಮೂರನೆಯದಾಗಿ, ದೂರಿಗೊಂದು ಸಂಖ್ಯೆ ಪಡೆಯದೆ ಫೋನು ಇಡಬಾರದು. ಅದನ್ನು ಕೊಡಲೇಬೇಕೆಂದು ನಿಯಮವಿದೆ. ಅಲ್ಲಿ ನ್ಯಾಯ ಸಿಗದಿದ್ದರೆ ಪ್ರತಿಯೊಂದು ಕಂಪೆನಿಯಲ್ಲಿಯೂ ಮೇಲ್ಮನವಿ ಕೇಳುವ ಅಧಿಕಾರಿಯಿದ್ದಾರೆ. ಅಲ್ಲಿಯೂ ಸಿಗದಿದ್ದರೆ ಜಿಲ್ಲೆಯ ಗ್ರಾಹಕರ ಆಯೋಗವಿದೆ. ದೂರಸಂಪರ್ಕದ ದೂರುಗಳನ್ನು ಗ್ರಾಹಕರ ವೇದಿಕೆ ಕೇಳುವಂತಿಲ್ಲವೆಂಬ ವಾದವೊಂದು ಬಹಳ ಕಾಲ ನಮ್ಮನ್ನು ಹೆದರಿಸುತ್ತಿತ್ತು. 2022ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ, ಕೇಳಬಹುದೆಂದು ಸ್ಪಷ್ಟವಾಗಿ ಹೇಳಿದೆ. ಬಾಗಿಲು ತೆರೆದಿದೆ, ಹೋಗುವವರು ಕಡಮೆ. ನಾನು ನನ್ನ ನೂರು ಪುಟದ ಪುಸ್ತಕವನ್ನು ಹಿಡಿದು ಎರಡನೆಯ ಮೆಟ್ಟಲಿನಲ್ಲಿದ್ದೇನೆ. ಮೂರನೆಯದನ್ನೂ ಹತ್ತುತ್ತೇನೆ, ನಿವೃತ್ತನಿಗೆ ಹೊತ್ತಿಗೇನು ಬರ?

ಕಡೆಯದಾಗಿ, ಕಂಪೆನಿಗಳಿಂದಲೂ ಪ್ರಾಧಿಕಾರದಿಂದಲೂ ನಾನು ಕೇಳುವುದು ವೇಗವನ್ನಲ್ಲ. ಒಂದು ಸಾಧಾರಣ ವಿಡಿಯೋ ಮಾತುಕತೆಗೆ ಸೆಕೆಂಡಿಗೆ ಮೂರು ನಾಲ್ಕು ಮೆಗಾಬಿಟ್, ಕಡಿಯದೆ ಬಂದರೆ ಸಾಕು. ನಡುರಾತ್ರಿಯಲ್ಲಿ ನೂರು ಕೊಡ ನೀರು ಸುರಿಸಿ ಅಡುಗೆಯ ಹೊತ್ತಿಗೆ ಒಣಗುವ ನಲ್ಲಿಗಿಂತ, ದಿನವಿಡೀ ಸಣ್ಣಗೆ ಹರಿಯುವ ನಲ್ಲಿ ಸಂಸಾರಸ್ಥನಿಗೆ ಹಿತ. ಆದ್ದರಿಂದ ಬಣ್ಣದ ಕಾಗದದ ಮೇಲೆ ಮೇಲಿನ ಸಂಖ್ಯೆಯ ಪಕ್ಕದಲ್ಲಿಯೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಕೆಳಗಿನ ಸಂಖ್ಯೆಯನ್ನೂ ಅಚ್ಚುಹಾಕಲಿ: ಸಂಜೆ ಎಂಟು ಗಂಟೆಗೆ, ಈ ಬೀದಿಯಲ್ಲಿ, ಇದಕ್ಕಿಂತ ಕಡಮೆಯಾಗದು ಎಂದು. ಅದಕ್ಕಿಂತ ಇಳಿದ ದಿನ, ನಾವು ಬೇಡದೆಯೇ, ಬಿಲ್ಲೂ ಇಳಿಯಲಿ. ಗಾಳಿಯ ಗುಣ ಚಂಚಲವೆಂದು ಅವರು ಹೇಳುವುದಾದರೆ, ಬಿಲ್ಲಿನ ಗುಣವೂ ಅದರೊಡನೆ ತುಸು ಚಂಚಲವಾಗಲಿ.

ನಮ್ಮ ಪಂಡಿತರು ‘ವರೆಗೆ’ಗೆ ಕೊಟ್ಟ ಇನ್ನೊಂದು ಉದಾಹರಣೆ ಈಗ ನೆನಪಾಗುತ್ತಿದೆ: ‘ಮೈಸೂರಿನಿಂದ ಬೆಂಗಳೂರಿನವರೆಗೆ’. ‘ವರೆಗೆ’ ಎಂದ ಮೇಲೆ ಅದಕ್ಕೊಂದು ‘ಇಂದ’ ಇರಬೇಕು. ಎಲ್ಲಿಂದ ಎಂಬುದನ್ನು ಹೇಳದೆ ಎಲ್ಲಿಯವರೆಗೆ ಎಂದರೆ ವಾಕ್ಯ ಕುಂಟುತ್ತದೆ ಎಂದು ಅವರು ಬೆತ್ತ ತೋರಿಸಿ ಹೇಳುತ್ತಿದ್ದರು. ಕಂಪೆನಿಯವರ ವಾಕ್ಯ ಇಷ್ಟು ವರ್ಷ ಕುಂಟುತ್ತಿದೆ. ಅವರ ‘ವರೆಗೆ’ಯನ್ನು ಅವರೇ ಇಟ್ಟುಕೊಳ್ಳಲಿ. ನಮಗೆ ಬೇಕಾದ್ದು ‘ಇಂದ’.